ತೋಟಕ್ಕೆ ಇಳಿಯುವ ಮುನ್ನ ಹಚ್ಚಿದ ಎಣ್ಣೆ

ರಜತ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಿ ಮೇಷ್ಟ್ರೇ ಎಂದು ನಮ್ಮ ಸಂಘದ ಅಧ್ಯಕ್ಷರು ಮನೆಗೇ ಬಂದು ಕೇಳಿದರು. ಸಂಘದ ಹುಟ್ಟು, ಷೇರು ಬಂಡವಾಳ, ಸಾಲ ವಸೂಲಾತಿ, ಲಾಭಾಂಶ ಇವುಗಳ ಬಗ್ಗೆ ಕಾರ್ಯದರ್ಶಿಗಳು ಅಂಕಿ ಅಂಶ ಸಮೇತ ಬರೆಯುತ್ತಾರೆ. ಅದು ನನ್ನ ಕೈಲಾಗುವ ಕೆಲಸ ಅಲ್ಲ. ಏನು ಬರೆಯಲಿ ಎಂದು ಯೋಚಿಸುತ್ತಿದ್ದಾಗ ಕಳೆದ ಮಳೆಗಾಲದಲ್ಲಿ ಸಂಘದ ಮಾರಾಟ ವಿಭಾಗದಲ್ಲಿ ಕಂಡ ಒಂದು ಪ್ರಸಂಗ ನೆನಪಾಯಿತು.

ಮೈಲುತುತ್ತ, ಸುಣ್ಣ ಒಯ್ಯಲು ಬಂದಿದ್ದ ಒಬ್ಬ ಹುಡುಗ, "ಸಾರ್, ಇಂಬಳಕ್ಕೆ ಹಚ್ಚಿಕೊಳ್ಳೋಕೆ ಏನಾದ್ರೂ ಇದೆಯಾ? ತೋಟಕ್ಕೆ ಕಾಲಿಡೋಕೆ ಆಗ್ತಿಲ್ಲ" ಎಂದು ಕೇಳಿದ. ಗುಮಾಸ್ತರು ಕಪಾಟಿನಿಂದ ಸೊಳ್ಳೆಗೆ ಹಚ್ಚುವ ಒಂದು ಟ್ಯೂಬು ತೆಗೆದುಕೊಟ್ಟರು. ಹಿಂದೆ ನಿಂತಿದ್ದ ಹಿರಿಯ ಸದಸ್ಯೆಯೊಬ್ಬರು ನಕ್ಕು, "ಅಯ್ಯೋ ತಮ್ಮಾ, ಇದನ್ನೆಲ್ಲ ನಾವು ಮನೇಲೇ ಮಾಡ್ಕಳ್ತಿದ್ವಪ್ಪ. ದುಡ್ಡು ಕೊಟ್ಟು ಯಾರು ತರ್ತಿದ್ರು?" ಎಂದರು. ಹುಡುಗ, "ಹೇಗೆ ಮಾಡ್ತಿದ್ರಿ ಅಮ್ಮಾ?" ಎಂದ. ಅವರು ಹೇಳಲು ಶುರುಮಾಡುವಷ್ಟರಲ್ಲಿ ಬಸ್ಸು ಬಂತು, ಇಬ್ಬರೂ ಹೊರಟುಹೋದರು.

ಆ ಉತ್ತರವನ್ನು ಇಲ್ಲಿ ಬರೆಯೋಣ ಎನಿಸಿತು. ನಮ್ಮ ಹಿರಿಯರು ತೋಟ, ಗದ್ದೆ, ಕಾಡಿಗೆ ಹೋಗುವಾಗ ಮೈಗೆ ಏನು ಹಚ್ಚಿಕೊಳ್ಳುತ್ತಿದ್ದರು, ಅದನ್ನು ಹೇಗೆ ಮಾಡುತ್ತಿದ್ದರು, ಅದು ಯಾವುದಕ್ಕೆ ಆಗುತ್ತಿತ್ತು, ಯಾವುದಕ್ಕೆ ಆಗುತ್ತಿರಲಿಲ್ಲ ಎಂಬುದೇ ಈ ಲೇಖನದ ವಿಷಯ. ಕೊನೆಯ ಮಾತೇ ಇದರಲ್ಲಿ ಬಹಳ ಮುಖ್ಯ. ಏಕೆಂದು ಮುಂದೆ ಹೇಳುತ್ತೇನೆ.

ಹೊಗೆಯ ಕಾಲ

ಮಲೆನಾಡಿನವನ ಮೊದಲ ರಕ್ಷಣೆ ಹೊಗೆ. ಸಂಜೆಯಾದ ಕೂಡಲೇ ಕೊಟ್ಟಿಗೆಯ ಬಾಗಿಲಲ್ಲಿ ಒಂದು ಒಡಕು ಮಡಕೆ ಇಡುವುದು, ಅದರಲ್ಲಿ ಒಣಗಿದ ಅಡಿಕೆ ಸಿಪ್ಪೆಗೆ ಕೆಂಡ ಹಾಕಿ, ಮೇಲೆ ಒಂದು ಹಿಡಿ ಹಸಿ ಲಕ್ಕಿ ಸೊಪ್ಪು ಮುಚ್ಚುವುದು ಪ್ರತಿ ಮನೆಯ ಪದ್ಧತಿಯಾಗಿತ್ತು. ಅಡಿಕೆ ಸಿಪ್ಪೆ ಉರಿಯದೆ ನಿಧಾನಕ್ಕೆ ಕನಲುತ್ತದೆ. ಲಕ್ಕಿಯ ಕಟು ವಾಸನೆಗೆ ನುಸಿ, ಸೊಳ್ಳೆ ದೂರ ಹೋಗುತ್ತಿದ್ದವು. ದನಕರುಗಳು ತಾವಾಗಿಯೇ ಹೊಗೆಯ ಕಡೆಗೆ ಬಂದು ನಿಲ್ಲುತ್ತಿದ್ದವು ಎಂದರೆ ನೀವು ನಂಬಬೇಕು.

ಭತ್ತ ತೆನೆ ಕಟ್ಟಿದ ಮೇಲೆ ಹಂದಿ ಕಾಯಲು ರಾತ್ರಿ ಗದ್ದೆಯ ಮಾಳದಲ್ಲಿ ಮಲಗಬೇಕಿತ್ತು. ಮಾಳದ ಕೆಳಗೆ ರಾತ್ರಿಯಿಡೀ ಬೆಂಕಿ. ಒಣಗಿದ ದೊಡ್ಡ ಕುಂಟೆಯ ಜೊತೆಗೆ ಹಸಿ ಸೊಪ್ಪು ಹಾಕುತ್ತಿದ್ದರು. ಅನುಕೂಲಸ್ಥರ ಮನೆಗಳಲ್ಲಿ ಧೂಪದ ಮರದ ರಾಳವನ್ನೋ ಹಾಲುಮಡ್ಡಿಯನ್ನೋ ಕೆಂಡದ ಮೇಲೆ ಉದುರಿಸುತ್ತಿದ್ದರು. ದೇವರ ಮುಂದೆ ಹಾಕಿದ ಧೂಪ ಹೊರಗಿನ ಜಗಲಿಗೂ ಬರುತ್ತಿತ್ತು. ಅದು ಪೂಜೆಯೂ ಆಯಿತು, ಸೊಳ್ಳೆಗೂ ಆಯಿತು.

ಹೊಗೆಗೆ ಒಂದು ದೋಷ. ಅದು ಕೂತಲ್ಲಿ ಮಾತ್ರ ಇರುತ್ತದೆ. ನಡೆಯುವವನ ಜೊತೆ ಬರುವುದಿಲ್ಲ. ತೋಟದಲ್ಲಿ ಕೆಲಸ ಮಾಡುವವನಿಗೆ, ಸೊಪ್ಪಿನ ಬೆಟ್ಟಕ್ಕೆ ಹೋಗುವವಳಿಗೆ ಮೈಮೇಲೇ ಏನಾದರೂ ಬೇಕು. ಅಲ್ಲಿಂದಲೇ ಎಣ್ಣೆಯ ಕತೆ ಆರಂಭವಾಗುತ್ತದೆ.

ಅಜ್ಜಿಯ ಎಣ್ಣೆ

ನಮ್ಮ ಮನೆಯಲ್ಲಿ ಈ ಎಣ್ಣೆ ಕಾಯಿಸುವುದು ಮೃಗಶಿರ ಮಳೆ ಹಿಡಿಯುವ ಮೊದಲು. ಅದು ಅಜ್ಜಿಯ ಕೆಲಸ. ಬೇರೆ ಯಾರೂ ಬಾಣಲೆಗೆ ಕೈ ಹಾಕುವ ಹಾಗಿರಲಿಲ್ಲ. ನಾನು ಪಕ್ಕದಲ್ಲಿ ಕೂತು ನೋಡಿದ್ದನ್ನು ನೆನಪಿದ್ದಷ್ಟು ಹೇಳುತ್ತೇನೆ.

ಲಕ್ಕಿ ಸೊಪ್ಪು ಎರಡು ಹಿಡಿ, ತುಳಸಿ ಒಂದು ಹಿಡಿ. ಎರಡನ್ನೂ ತೊಳೆದು ನೆರಳಲ್ಲಿ ಒಂದು ದಿನ ಬಾಡಿಸಬೇಕು. ಹಸಿಯಾಗಿ ಹಾಕಿದರೆ ನೀರಿನಂಶ ಉಳಿದು ಎಣ್ಣೆ ಬೇಗ ಹುಳಿ ವಾಸನೆ ಬರುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಎರಡು ಪಾವು ಕೊಬ್ಬರಿ ಎಣ್ಣೆ ಹಾಕಿ ಸಣ್ಣ ಉರಿಯಲ್ಲಿ ಕಾಯಿಸಿ ಮೊದಲು ಲಕ್ಕಿ ಸೊಪ್ಪು ಹಾಕುತ್ತಿದ್ದರು. ಎಣ್ಣೆ ಚುರ್‌ಚುರ್ ಎನ್ನುತ್ತದೆ. ಆ ಸದ್ದು ನಿಂತಿತೆಂದರೆ ನೀರು ಆರಿತು ಎಂದು ಅರ್ಥ. ಆಗ ಬಾಣಲೆಯನ್ನು ಕೆಳಗಿಳಿಸಿ, ಬಿಸಿ ಸ್ವಲ್ಪ ತಗ್ಗಿದ ಮೇಲೆ ತುಳಸಿ ಮತ್ತು ನಾಲ್ಕು ಎಸಳು ಮಜ್ಜಿಗೆ ಹುಲ್ಲು ಕತ್ತರಿಸಿ ಹಾಕಿ, ತಟ್ಟೆ ಮುಚ್ಚಿ ರಾತ್ರಿಯಿಡೀ ಬಿಡುತ್ತಿದ್ದರು.

"ತುಳಸೀನ ಯಾಕಜ್ಜಿ ಒಲೆ ಮೇಲೆ ಹಾಕಲ್ಲ?" ಎಂದು ಕೇಳಿದ್ದೆ. "ಘಮ ಎಲ್ಲ ಹೊಗೆ ಜೊತೆ ಹೋದ್ರೆ ಕಾಲಿಗೆ ಏನು ಉಳೀತು ತಮ್ಮಾ?" ಎಂದಿದ್ದರು. ಎಷ್ಟೋ ವರ್ಷದ ಮೇಲೆ ವಿಜ್ಞಾನದ ಪಾಠ ಮಾಡುವಾಗ ಅದರ ಅರ್ಥ ಹೊಳೆಯಿತು. ಸೊಳ್ಳೆಯನ್ನು ದೂರವಿಡುವುದು ಆ ಸೊಪ್ಪುಗಳ ಆವಿಯಾಗುವ ಎಣ್ಣೆಯ ಅಂಶ. ಬಿಸಿಗೆ ಅದು ಮೊದಲು ಹಾರಿಹೋಗುತ್ತದೆ. ಶಾಲೆಯ ಮೆಟ್ಟಿಲು ಹತ್ತದ ಅಜ್ಜಿಗೆ ಇದು ಮೂಗಿನಿಂದಲೇ ಗೊತ್ತಿತ್ತು.

ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿ, ಅದಕ್ಕೆ ಕಾಲುಭಾಗ ಹೊಂಗೆ ಎಣ್ಣೆ ಬೆರೆಸುತ್ತಿದ್ದರು. ನಮ್ಮ ಕಡೆ ಮಳೆ ಹೆಚ್ಚು, ಬೇವಿನ ಮರ ಅಪರೂಪ. ಬೇವಿನ ಎಣ್ಣೆ ಬರುವುದಿದ್ದರೆ ಬಯಲುಸೀಮೆಯಿಂದಲೇ ಬರಬೇಕು. ಹೊಂಗೆಯಾದರೆ ಹಳ್ಳದ ದಂಡೆಯಲ್ಲೇ ಇತ್ತು. ಕಾಯಿ ಆರಿಸಿ ಗಾಣಕ್ಕೆ ಕೊಟ್ಟರೆ ದೀಪಕ್ಕೂ ಆಯಿತು, ದನದ ಮೈಗೆ ಹಚ್ಚಲೂ ಆಯಿತು, ಮನುಷ್ಯರ ಕಾಲಿಗೂ ಆಯಿತು. ಆದ ಎಣ್ಣೆಯನ್ನು ಸೀಸೆಯಲ್ಲಿ ತುಂಬಿ ಬಾಗಿಲ ಸಂದಿಯಲ್ಲಿ ಇಡುತ್ತಿದ್ದರು. ತೋಟದ ಆಳುಗಳಿಗೆ ಬೇರೆಯಾಗಿ ಒಂದು ಬಿದಿರಿನ ಅಂಡೆಯಲ್ಲಿ ಇರುತ್ತಿತ್ತು. ಆಳು, ಒಡೆಯ ಎನ್ನದೆ ತೋಟಕ್ಕೆ ಇಳಿಯುವವರೆಲ್ಲ ಮೊಣಕಾಲಿನಿಂದ ಪಾದದ ತನಕ, ಬೆರಳ ಸಂದಿಗೂ ಬಿಡದೆ ಹಚ್ಚಿಕೊಳ್ಳುತ್ತಿದ್ದರು.

ನೀರಿನ ಕಷಾಯ ಬಿಟ್ಟು ಎಣ್ಣೆಯನ್ನೇ ಯಾಕೆ ಹಿಡಿದರು? ನಮ್ಮ ಮಳೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಕಂಬಳಿ ಕೊಪ್ಪೆ ತಲೆ ಬೆನ್ನು ಕಾಯುತ್ತದೆ, ಕಾಲು ಮಾತ್ರ ದಿನವಿಡೀ ನೀರಲ್ಲೇ. ಕಷಾಯ ಎರಡು ಹೆಜ್ಜೆಗೆ ತೊಳೆದುಹೋಗುತ್ತದೆ. ಎಣ್ಣೆ ಸ್ವಲ್ಪ ಹೊತ್ತು ನಿಲ್ಲುತ್ತದೆ. ಜಾರುವ ಚರ್ಮದ ಮೇಲೆ ಇಂಬಳಕ್ಕೆ ಹಿಡಿತ ಸಿಗುವುದೂ ಕಷ್ಟ.

ಹೊಗೆಸೊಪ್ಪಿನ ಪಾಠ

ಇಂಬಳ ವಿಪರೀತವಾದ ಆಷಾಢದಲ್ಲಿ ಈ ಎಣ್ಣೆ ಸಾಲದಾಗುತ್ತಿತ್ತು. ಆಗ ಹೊಗೆಸೊಪ್ಪು ಬರುತ್ತಿತ್ತು. ಹೊಗೆಸೊಪ್ಪಿನ ಕಡ್ಡಿಗಳನ್ನು ರಾತ್ರಿ ನೆನೆಸಿ, ಆ ನೀರಿಗೆ ಚೂರು ಸುಣ್ಣ ಸೇರಿಸಿ ಕಾಲಿಗೆ ಬಳಿಯುವುದು ಒಂದು ಕ್ರಮ. ಹೊಗೆಸೊಪ್ಪು, ಉಪ್ಪು, ಸುಣ್ಣ ಸೇರಿಸಿ ಬಟ್ಟೆಯಲ್ಲಿ ಗಂಟು ಕಟ್ಟಿ ಕೋಲಿನ ತುದಿಗೆ ಬಿಗಿಯುವುದು ಇನ್ನೊಂದು ಕ್ರಮ. ಕಚ್ಚಿದ ಇಂಬಳಕ್ಕೆ ಆ ಗಂಟು ಮುಟ್ಟಿಸಿದರೆ ಸಾಕು, ಮುದುಡಿ ಬೀಳುತ್ತಿತ್ತು.

ಇದರಲ್ಲಿ ಅಪಾಯವಿದೆ ಎಂದು ನಾನು ಕಲಿತದ್ದು ಹನ್ನೆರಡನೇ ವಯಸ್ಸಿನಲ್ಲಿ. ಮೀನು ಹಿಡಿಯಲು ಹಳ್ಳಕ್ಕೆ ಹೋಗುವ ಆತುರ. ಅಜ್ಜಿಯ ಎಣ್ಣೆ ಖಾಲಿ. ಆಳುಗಳಿಗೆಂದು ನೆನೆಸಿಟ್ಟ ಹೊಗೆಸೊಪ್ಪಿನ ನೀರನ್ನೇ ಎರಡೂ ಕಾಲಿಗೆ ದಂಡಿಯಾಗಿ ಬಳಿದುಕೊಂಡೆ. ಮೊಣಕಾಲ ಕೆಳಗೆ ಬೇಲಿ ತರಚಿದ ಗಾಯ ಇತ್ತು. ಅರ್ಧ ಗಂಟೆಯಲ್ಲಿ ತಲೆ ಸುತ್ತಿ, ಬೆವರಿ, ಹಳ್ಳದ ದಂಡೆಯ ಮೇಲೇ ವಾಂತಿ ಮಾಡಿಕೊಂಡು ಬಿದ್ದೆ. ನಮ್ಮ ತೋಟದ ಆಳು ಹೆಗಲ ಮೇಲೆ ಹೊತ್ತುಕೊಂಡು ಬಂದು ಅಂಗಳದಲ್ಲಿ ಮಲಗಿಸಿದ. ಅಜ್ಜಿ ಸೀಗೆಪುಡಿ ಹಾಕಿ ಕಾಲು ತೊಳೆದರು. ಸಂಜೆಗೆ ಸುಧಾರಿಸಿದೆ.

ಹೊಗೆಸೊಪ್ಪಿನಲ್ಲಿರುವ ನಿಕೋಟಿನ್ ವಿಷ. ಬಾಯಿಗೆ ಹೋಗಬೇಕೆಂದೇನಿಲ್ಲ, ಒದ್ದೆ ಚರ್ಮದ ಮೂಲಕ, ಅದರಲ್ಲೂ ಗಾಯದ ಮೂಲಕ ರಕ್ತಕ್ಕೆ ಸೇರುತ್ತದೆ. ಹೊಗೆಸೊಪ್ಪು ಬೆಳೆಯುವ ಕಡೆ ಹಸಿ ಎಲೆ ಕೊಯ್ಯುವವರಿಗೆ ಹೀಗೆ ತಲೆಸುತ್ತು, ವಾಂತಿ ಆಗುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಗಂಟನ್ನು ಇಂಬಳಕ್ಕೆ ಮುಟ್ಟಿಸಿ, ಮೈಗೆ ಬಳಿಯಬೇಡಿ. ಮಕ್ಕಳಿಗಂತೂ ಬೇಡವೇ ಬೇಡ. ಮನೆಯಲ್ಲಿ ಮಾಡಿದ್ದು, ಗಿಡದಿಂದ ಬಂದದ್ದು ಎಂದ ಮಾತ್ರಕ್ಕೆ ನಿರಪಾಯ ಎಂದು ತಿಳಿಯಬಾರದು ಎಂಬ ಪಾಠ ನನಗೆ ಅಂದೇ ಆಯಿತು.

ಚಳಿಜ್ವರ ಮತ್ತು ಡಿ.ಡಿ.ಟಿ.

ಈಗಿನವರಿಗೆ ಸೊಳ್ಳೆ ಎಂದರೆ ಕಿರಿಕಿರಿ. ನಮ್ಮ ಅಜ್ಜಂದಿರಿಗೆ ಅದು ವಂಶವನ್ನೇ ತೆಗೆಯುವ ವೈರಿಯಾಗಿತ್ತು. ಆದರೆ ಸೊಳ್ಳೆಯೇ ವೈರಿ ಎಂದು ಅವರಿಗೆ ಗೊತ್ತಿರಲಿಲ್ಲ. ಮಲೆನಾಡಿನ ನೀರು, ಮಲೆನಾಡಿನ ಗಾಳಿ ಚಳಿಜ್ವರಕ್ಕೆ ಕಾರಣ ಎಂದು ನಂಬಿದ್ದರು. ಇಪ್ಪತ್ತನೇ ಶತಮಾನದ ಆರಂಭದ ಜನಗಣತಿಗಳಲ್ಲಿ ಮಲೆನಾಡಿನ ತಾಲ್ಲೂಕುಗಳ ಜನಸಂಖ್ಯೆ ಇಳಿಯುತ್ತಾ ಬಂದದ್ದು ಮೈಸೂರು ಸರ್ಕಾರಕ್ಕೆ ಚಿಂತೆಯಾಗಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ (1912-1918) ಮಲೆನಾಡಿನ ಸುಧಾರಣೆಗೆಂದೇ ಯೋಜನೆ ನಡೆಯಿತು.

ಜ್ವರದ ಗುಟ್ಟು ಒಡೆದವರು ರೊನಾಲ್ಡ್ ರಾಸ್. 1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಪರಾವಲಂಬಿಯನ್ನು ಕಂಡುಹಿಡಿದು, 1902ರಲ್ಲಿ ನೊಬೆಲ್ ಬಹುಮಾನ ಪಡೆದರು. ಇದಕ್ಕೂ ಮೊದಲು, 1883ರಲ್ಲಿ, ಅವರು ನಮ್ಮ ಬೆಂಗಳೂರಿನಲ್ಲಿದ್ದರು. ಬಂಗಲೆಯಲ್ಲಿ ಸೊಳ್ಳೆ ಕಾಟ. ಕಿಟಕಿಯ ಹೊರಗಿನ ಪೀಪಾಯಿಯ ನೀರಿನಲ್ಲಿ ಮರಿಗಳು ಕುಣಿಯುತ್ತಿದ್ದುದನ್ನು ನೋಡಿ ಪೀಪಾಯಿಯನ್ನೇ ಉರುಳಿಸಿಬಿಟ್ಟರು. ಸೊಳ್ಳೆ ಬಹುಪಾಲು ಕಡಿಮೆಯಾಯಿತು. ಕಾಸು ಖರ್ಚಿಲ್ಲದ ಈ ಉಪಾಯವನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತದೆ.

ನಮ್ಮ ಕಡೆ ಚಳಿಜ್ವರ ಹರಡುತ್ತಿದ್ದ ಸೊಳ್ಳೆ ಕೊಳಚೆಯಲ್ಲಿ ಹುಟ್ಟುವುದಲ್ಲ. ತಿಳಿನೀರು ಹರಿಯುವ ಹಳ್ಳ, ತೋಟದ ಕಪ್ಪು ಇವೇ ಅದರ ತವರು. ತೋಟವಿದ್ದಲ್ಲಿ ಜ್ವರ ಎಂಬ ಹಿರಿಯರ ಅನುಭವ ಸುಳ್ಳಾಗಿರಲಿಲ್ಲ. ಆ ಸೊಳ್ಳೆ ಕಚ್ಚುವುದು ರಾತ್ರಿ ಮಲಗಿದ ಮೇಲೆ. ಅಜ್ಜಿಯ ಎಣ್ಣೆಯ ಘಮ ಒಂದೆರಡು ಗಂಟೆಗೆ ಹಾರಿಹೋಗುತ್ತಿತ್ತು. ಆದ್ದರಿಂದ ಜಗಲಿಯ ಮೇಲೆ ಕೂತು ಮಾತನಾಡುವಷ್ಟು ಹೊತ್ತು ಎಣ್ಣೆ ಕಾಯುತ್ತಿತ್ತು, ನಿದ್ದೆಯಲ್ಲಿ ಕಾಯುತ್ತಿರಲಿಲ್ಲ.

ನಂತರ ಬಂದದ್ದು ಡಿ.ಡಿ.ಟಿ. ಅದು ಕೀಟಗಳನ್ನು ಕೊಲ್ಲುತ್ತದೆಂದು ಪೌಲ್ ಮುಲ್ಲರ್ 1939ರಲ್ಲಿ ಕಂಡುಕೊಂಡರು. 1946ರ ಸುಮಾರಿಗೆ, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಉತ್ತರ ಕನ್ನಡ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಡಾ. ಡಿ.ಕೆ. ವಿಶ್ವನಾಥನ್ ಅವರು ಮನೆಯ ಗೋಡೆಗಳಿಗೆ ಡಿ.ಡಿ.ಟಿ. ಸಿಂಪಡಿಸುವ ದೊಡ್ಡ ಕೆಲಸ ನಡೆಸಿದರು. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂತು. ಪಂಪು ಹೊತ್ತ ತಂಡ ಊರಿಗೆ ಬಂದರೆ ನಮಗೆ ಹಬ್ಬ. ಸಿಂಪಡಿಸಿದ ಮೇಲೆ ಬಾಗಿಲ ಪಕ್ಕದ ಗೋಡೆಯ ಮೇಲೆ ತಾರೀಖು ಬರೆದು ಹೋಗುತ್ತಿದ್ದರು. ಅವರು ಹೋದ ವಾರಕ್ಕೇ ಹೆಂಗಸರು ಹಬ್ಬ ಬಂತೆಂದು ಗೋಡೆ ಸಾರಿಸಿ ಔಷಧಿಯನ್ನೆಲ್ಲ ಸೆಗಣಿಯ ಕೆಳಗೆ ಮುಚ್ಚಿಬಿಡುತ್ತಿದ್ದರು. ತಂಡದವರಿಗೆ ಸಿಟ್ಟು ಬರುತ್ತಿತ್ತು.

ಆದರೂ ಪರಿಣಾಮ ದೊಡ್ಡದು. ಸ್ವಾತಂತ್ರ್ಯ ಬಂದಾಗ ದೇಶದಲ್ಲಿ ವರ್ಷಕ್ಕೆ ಸುಮಾರು 7.5 ಕೋಟಿ ಜನಕ್ಕೆ ಮಲೇರಿಯಾ ಬರುತ್ತಿತ್ತು, ಸುಮಾರು 8 ಲಕ್ಷ ಜನ ಸಾಯುತ್ತಿದ್ದರು ಎಂದು ಅಂದಾಜು. 1965ರ ಹೊತ್ತಿಗೆ ಪ್ರಕರಣಗಳು 1 ಲಕ್ಷದಷ್ಟಕ್ಕೆ ಇಳಿದವು. ಸೊಳ್ಳೆ ಡಿ.ಡಿ.ಟಿ.ಗೆ ಒಗ್ಗಿಕೊಂಡಿತು, ಜನರೂ ಸರ್ಕಾರವೂ ಮೈಮರೆತರು, 1976ರಲ್ಲಿ ಮತ್ತೆ 64 ಲಕ್ಷಕ್ಕೆ ಏರಿತು. ಡಿ.ಡಿ.ಟಿ. ಮಣ್ಣಿನಲ್ಲಿ, ಹಾಲಿನಲ್ಲಿ ಉಳಿಯುತ್ತದೆಂದು ತಿಳಿದು 1989ರಲ್ಲಿ ನಮ್ಮ ದೇಶದಲ್ಲಿ ಬೇಸಾಯಕ್ಕೆ ಅದರ ಬಳಕೆಯನ್ನು ನಿಲ್ಲಿಸಲಾಯಿತು.

ಇದೆಲ್ಲದರ ನಡುವೆ ನಮ್ಮ ಮನೆಯ ಬಾಣಲೆ ಅಟ್ಟ ಸೇರಿತು. ಗೋಡೆಗೇ ಔಷಧಿ ಇರುವಾಗ ಕಾಲಿಗೆ ಎಣ್ಣೆ ಯಾಕೆ ಎಂದರು. ಅಜ್ಜಿ ಮಾತ್ರ ವರ್ಷಕ್ಕೊಮ್ಮೆ ಆಳುಗಳಿಗೆಂದು ಒಂದು ಸೀಸೆ ಕಾಯಿಸುತ್ತಿದ್ದರು.

ಕ್ಯಾಸನೂರಿನ ಕಾಡು

1957ರ ಮಾರ್ಚ್ ತಿಂಗಳಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮುಸಿಯ, ಮಂಗಗಳು ಸತ್ತು ಬೀಳತೊಡಗಿದವು. ಹಿಂದೆಯೇ ಸುತ್ತಲಿನ ಹಳ್ಳಿಗಳಲ್ಲಿ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಹೊಸ ವೈರಸ್ಸನ್ನು ಕಂಡುಹಿಡಿದರು. ಅದನ್ನು ಹರಡುವುದು ಸೊಳ್ಳೆಯಲ್ಲ, ಕಾಡಿನ ಉಣುಗು ಎಂದೂ ತಿಳಿಯಿತು. ಜಗತ್ತಿನ ವೈದ್ಯ ಗ್ರಂಥಗಳಲ್ಲೆಲ್ಲ ನಮ್ಮ ಸೀಮೆಯ ಆ ಕಾಡಿನ ಹೆಸರೇ ಕಾಯಿಲೆಗೆ ನಿಂತಿತು. ನಾವು ಕರೆಯುವುದು ಮಂಗನ ಕಾಯಿಲೆ ಎಂದು.

ಈಗ ಹೇಳಬೇಕಾದ ಮಾತನ್ನು ಇಷ್ಟು ವರ್ಷ ಮನೆಯ ಹೊರಗೆ ಹೇಳಿರಲಿಲ್ಲ. 1970ರ ಸುಮಾರು. ನನಗಾಗ ಹದಿನೆಂಟು. ನಮ್ಮ ಕೊಟ್ಟಿಗೆಗೆ ದರಕು ತರಲು ಬರುತ್ತಿದ್ದ ಒಬ್ಬಳು ಅಕ್ಕ ಇದ್ದಳು. ನನ್ನನ್ನು ಎತ್ತಿ ಆಡಿಸಿದವಳು. ಕುಂಭ ಮಾಸದ ಬಿಸಿಲು. ಬೆಟ್ಟದಲ್ಲಿ ಮಂಗ ಸತ್ತಿದೆ ಎಂದು ಸುದ್ದಿ ಇತ್ತು. ಅಜ್ಜಿ, "ಎಣ್ಣೆ ಹಚ್ಚಿಗಂಡು ಹೋಗೇ" ಎಂದು ಅಂಡೆ ಕೊಟ್ಟರು. ಅವಳು ಕಾಲಿಗೆ ಹಚ್ಚಿಕೊಂಡು, "ಅಮ್ಮ ಕೊಟ್ಟ ಎಣ್ಣೆ ಇದ್ರೆ ನಂಗೇನಾಗ್ತದೆ" ಎಂದು ನಗುತ್ತಾ ಹೋದಳು. ವಾರ ಕಳೆದ ಮೇಲೆ ಜ್ವರ, ತಲೆ ಸಿಡಿತ, ಸೊಂಟನೋವು. ಹನ್ನೊಂದನೇ ದಿನ ಹೋದಳು.

ಅಜ್ಜಿ ಆ ಮೇಲೆ ಎಣ್ಣೆ ಕಾಯಿಸಲಿಲ್ಲ. ಯಾರೂ ಅವರನ್ನು ದೂರಲಿಲ್ಲ. ಅವರೇ ತಮ್ಮನ್ನು ದೂರಿಕೊಂಡರು. ನಿಜ ಹೇಳಬೇಕೆಂದರೆ ತಪ್ಪು ಅಜ್ಜಿಯದೂ ಅಲ್ಲ, ಎಣ್ಣೆಯದೂ ಅಲ್ಲ. ಮೂರು ಬೇರೆ ಬೇರೆ ಪ್ರಾಣಿಗಳಿಗೆ ಒಂದೇ ಎಣ್ಣೆ ಸಾಕು ಎಂದುಕೊಂಡದ್ದು ತಪ್ಪು. ಸೊಳ್ಳೆ ಕೀಟ. ಅದು ನಮ್ಮ ಉಸಿರು, ಬೆವರಿನ ವಾಸನೆ, ಮೈಯ ಬಿಸಿ ಹಿಡಿದು ಬರುತ್ತದೆ, ಆ ವಾಸನೆ ಕೆಟ್ಟರೆ ದಾರಿ ತಪ್ಪುತ್ತದೆ. ಇಂಬಳ ಎರೆಹುಳುವಿನ ಸಂಬಂಧಿ. ನೆಲದಿಂದ ಕಾಲಿಗೆ ಹತ್ತುತ್ತದೆ, ಕಾಲು ಕಾದರೆ ಬಹುಪಾಲು ಸಾಕು. ಉಣುಗು ಜೇಡನ ಸಂಬಂಧಿ. ಮಂಗನ ಕಾಯಿಲೆಯನ್ನು ಮನುಷ್ಯರಿಗೆ ತರುವುದು ಹೆಚ್ಚಾಗಿ ಅದರ ಮರಿಗಳು, ಎಳ್ಳಿನ ಕಾಳಿಗಿಂತ ದೊಡ್ಡವಲ್ಲ. ಒಣ ಎಲೆಯಲ್ಲಿ ಕಾದು ಕೂತಿರುತ್ತವೆ. ದರಕು ಗುಡಿಸುವಾಗ ಕೈಗೆ, ಕೂತಾಗ ಸೀರೆಗೆ, ಹೊರೆ ಹೊತ್ತಾಗ ಕುತ್ತಿಗೆಗೆ ಹತ್ತುತ್ತವೆ. ಮೊಣಕಾಲ ಕೆಳಗಿನ ಎಣ್ಣೆ ಅದಕ್ಕೇನು ಮಾಡೀತು?

ಮಂಗನ ಕಾಯಿಲೆ ಹಳೆಯ ಕತೆಯಲ್ಲ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಭಾಗದಲ್ಲಿ ಆದದ್ದನ್ನು ನಾವೆಲ್ಲ ನೋಡಿದ್ದೇವೆ. 2024ರಲ್ಲೂ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಬಂತು. ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಮಂದಿ ಸಾಯುತ್ತಾರೆ. ಅನೇಕ ವರ್ಷ ಕೊಡುತ್ತಿದ್ದ ಲಸಿಕೆಯ ಶಕ್ತಿ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಆದ್ದರಿಂದ ಮೈಗೆ ಹಚ್ಚುವ ಎಣ್ಣೆಯೇ ಮತ್ತೆ ಮುಂದೆ ಬಂದಿದೆ. ಆದರೆ ಅದು ಅಜ್ಜಿಯ ಎಣ್ಣೆಯಲ್ಲ. ಹಿಂದೆ ಆರೋಗ್ಯ ಇಲಾಖೆಯವರು ಡಿ.ಎಂ.ಪಿ. ಎಣ್ಣೆ ಕೊಡುತ್ತಿದ್ದರು, ಈಚೆಗೆ ಕೊಡುತ್ತಿರುವುದು ಗ್ವಾಲಿಯರ್‌ನ ರಕ್ಷಣಾ ಸಂಶೋಧನಾ ಸಂಸ್ಥೆಯವರು ರೂಪಿಸಿದ ಡೆಪಾ ಎಣ್ಣೆ. ನಾಯಿ, ದನದ ಉಣ್ಣಿಗೆ ಹೊಂಗೆ ಎಣ್ಣೆ ಹಚ್ಚುವ ರೂಢಿ ನೋಡಿ ಕಾಡಿಗೂ ಅದೇ ಸಾಕು ಎನ್ನುವವರು ಈಗಲೂ ನಮ್ಮೂರಲ್ಲಿ ಇದ್ದಾರೆ. ಅವರಿಗಾಗಿಯೇ ಇಷ್ಟು ಬರೆದೆ.

ಸುರುಳಿ ಬತ್ತಿ ಮತ್ತು ಬೇವು

ಅಂಗಡಿಯ ಸೊಳ್ಳೆ ಬತ್ತಿಯೂ ಮೂಲದಲ್ಲಿ ಮನೆಮದ್ದೇ. ಜಪಾನಿನ ಉಯೆಯಾಮಾ ಎಂಬುವರು 1890ರಲ್ಲಿ ಸೇವಂತಿಗೆ ಜಾತಿಯ ಪೈರೆಥ್ರಮ್ ಹೂವಿನ ಪುಡಿಯಿಂದ ಊದುಬತ್ತಿಯಂತೆ ಸೊಳ್ಳೆ ಬತ್ತಿ ಮಾಡಿದರು. ಅದು ಬೇಗ ಉರಿದು ಮುಗಿಯುತ್ತಿತ್ತು. ಸುರುಳಿ ಸುತ್ತಿದರೆ ಹೆಚ್ಚು ಹೊತ್ತು ಬರುತ್ತದೆಂದು ಹೇಳಿದವರು ಅವರ ಹೆಂಡತಿ, 1895ರಲ್ಲಿ. ಮಾರಾಟಕ್ಕೆ ಬಂದದ್ದು 1902ರಲ್ಲಿ. ಅಲ್ಲಿಯೂ ಮನೆಯ ಹೆಂಗಸಿನ ಬುದ್ಧಿಯೇ ಕೆಲಸ ಮಾಡಿತು ನೋಡಿ. ಈಗಿನ ಬತ್ತಿಗಳಲ್ಲಿ ಹೂವಿನ ಬದಲು ಅದನ್ನು ಹೋಲುವ ರಾಸಾಯನಿಕವಿರುತ್ತದೆ. ಬಾಗಿಲು ಹಾಕಿದ ಕೋಣೆಯಲ್ಲಿ ಬತ್ತಿಯ ಹೊಗೆಯೂ ಒಳ್ಳೆಯದಲ್ಲ, ಲಕ್ಕಿ ಸೊಪ್ಪಿನ ಹೊಗೆಯೂ ಒಳ್ಳೆಯದಲ್ಲ. ಹೊಗೆ ಹೊಗೆಯೇ.

ನಮ್ಮ ದೇಶದಲ್ಲಿ ಬೇವಿನ ಪರೀಕ್ಷೆಯೂ ನಡೆಯಿತು. ದೆಹಲಿಯ ಮಲೇರಿಯಾ ಸಂಶೋಧನಾ ಕೇಂದ್ರದ ಡಾ. ವಿ.ಪಿ. ಶರ್ಮಾ ಮತ್ತು ಸಂಗಡಿಗರು ಕೊಬ್ಬರಿ ಎಣ್ಣೆಗೆ ನೂರಕ್ಕೆ ಎರಡರಷ್ಟು ಬೇವಿನ ಎಣ್ಣೆ ಬೆರೆಸಿ ಜನರ ಮೈಗೆ ಹಚ್ಚಿ ನೋಡಿದರು. ಮಲೇರಿಯಾ ಹರಡುವ ಜಾತಿಯ ಸೊಳ್ಳೆಗಳಿಂದ 12 ಗಂಟೆ ಪೂರ್ತಿ ರಕ್ಷಣೆ ಸಿಕ್ಕಿತೆಂದು 1993ರಲ್ಲಿ ಪ್ರಕಟಿಸಿದರು. ಬೇರೆ ಕಡೆಯ ಪರೀಕ್ಷೆಗಳಲ್ಲಿ ಇಷ್ಟು ಒಳ್ಳೆಯ ಫಲ ಯಾವಾಗಲೂ ಬಂದಿಲ್ಲ. ನಿಂಬೆ ಹುಲ್ಲಿನ ಜಾತಿಯ ಸಿಟ್ರೊನೆಲ್ಲಾ ಎಣ್ಣೆಯಂತೂ ಸಾಮಾನ್ಯವಾಗಿ ಎರಡು ಗಂಟೆಯೊಳಗೆ ಶಕ್ತಿ ಕಳೆದುಕೊಳ್ಳುತ್ತದೆ. ಆದ್ದರಿಂದ ಮನೆಯ ಎಣ್ಣೆಯನ್ನು ಆಗಾಗ ಮತ್ತೆ ಹಚ್ಚುತ್ತಿರಬೇಕು.

ಈಗ ಮಾಡಿಕೊಳ್ಳುವವರಿಗೆ

ಆ ಹುಡುಗ ಕೇಳಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು.

ಮನೆಯಂಗಳ, ಹತ್ತಿರದ ತೋಟದ ಕೆಲಸಕ್ಕೆ: 100 ಮಿಲಿ ಕೊಬ್ಬರಿ ಎಣ್ಣೆಗೆ 2 ಮಿಲಿ ಬೇವಿನ ಎಣ್ಣೆ ಬೆರೆಸಿ ಚೆನ್ನಾಗಿ ಅಲುಗಿಸಿ. ಬೇಕಾದರೆ ಅಜ್ಜಿಯ ಕ್ರಮದಲ್ಲಿ ಲಕ್ಕಿ, ತುಳಸಿ ಹಾಕಿದ ಎಣ್ಣೆಯನ್ನೇ ಬಳಸಿ. ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ನೋಡಿ, ತುರಿಕೆ ಬಂದರೆ ಬೇಡ. ಕಣ್ಣು, ಬಾಯಿ, ಗಾಯದ ಹತ್ತಿರ ಬೇಡ. ಹಸುಗೂಸುಗಳಿಗೆ ಹಚ್ಚಬೇಡಿ. ಬೇವಿನ ಎಣ್ಣೆ ಮಕ್ಕಳ ಹೊಟ್ಟೆಗೆ ಹೋದರೆ ಅಪಾಯ, ಸೀಸೆಯನ್ನು ಎತ್ತರದಲ್ಲಿಡಿ.

ಇಂಬಳಕ್ಕೆ: ಎಣ್ಣೆ ಹಚ್ಚಿದ ಕಾಲು, ಮೇಲೆ ಉದ್ದ ಕಾಲುಚೀಲ ಅಥವಾ ಬೂಟು. ಕೈಯಲ್ಲಿ ಉಪ್ಪಿನ ಗಂಟು.

ಮಂಗನ ಕಾಯಿಲೆ ಇರುವ ಕಾಡಿಗೆ, ಕಾರ್ತಿಕ ಕಳೆದ ಮೇಲೆ ಮುಂಗಾರು ಹಿಡಿಯುವ ತನಕ: ಮನೆಯ ಎಣ್ಣೆಯನ್ನು ನಂಬಬೇಡಿ. ಆರೋಗ್ಯ ಕೇಂದ್ರದಿಂದ ಅಥವಾ ಆಶಾ ಕಾರ್ಯಕರ್ತೆಯರಿಂದ ಇಲಾಖೆಯ ಎಣ್ಣೆ ಕೇಳಿ ಪಡೆದು, ಹೇಳಿದ ಪ್ರಕಾರ ಹಚ್ಚಿ. ಮೈತುಂಬ ಬಟ್ಟೆ ಹಾಕಿ. ಒಣ ಎಲೆಯ ಮೇಲೆ ಕೂರಬೇಡಿ. ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಉಣುಗು ಕಚ್ಚಿದ್ದರೆ ಬೀಡಿ ಕೆಂಡ ಮುಟ್ಟಿಸುವುದು, ಉಗುರಲ್ಲಿ ಹಿಸುಕುವುದು ಬೇಡ. ಚಿಮಟದಿಂದ ಚರ್ಮದ ಬುಡದಲ್ಲಿ ಹಿಡಿದು ನೇರವಾಗಿ ಎಳೆದು ತೆಗೆಯಿರಿ. ಮಂಗ ಸತ್ತಿದ್ದರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ. ಜ್ವರ ಬಂದರೆ ಕಾಡಿಗೆ ಹೋಗಿದ್ದೆ ಎಂದು ವೈದ್ಯರಿಗೆ ಮೊದಲೇ ಹೇಳಿ.

ಕೊನೆಯದು ರಾಸ್ ಸಾಹೇಬರ ಪೀಪಾಯಿ. ಡೆಂಗ್ಯೂ ತರುವ ಸೊಳ್ಳೆ ಹಗಲು ಕಚ್ಚುತ್ತದೆ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ತೆಂಗಿನ ಚಿಪ್ಪು, ಹಳೆಯ ಟಯರು, ಮೈಲುತುತ್ತ ಕರಗಿಸಿದ ಡ್ರಮ್ಮು ಇವುಗಳಲ್ಲಿ ನಿಂತ ಮಳೆನೀರೇ ಅದಕ್ಕೆ ತೊಟ್ಟಿಲು. ವಾರಕ್ಕೊಮ್ಮೆ ಹಾಳೆ ಮಗುಚಿ, ಡ್ರಮ್ಮು ಉರುಳಿಸಿ. ಇದನ್ನು ಒಂದೇ ಮನೆಯವರು ಮಾಡಿದರೆ ಪ್ರಯೋಜನವಿಲ್ಲ. ಪಕ್ಕದ ತೋಟದ ಸೊಳ್ಳೆಗೆ ಬೇಲಿ ಗೊತ್ತಿಲ್ಲ.

ಸಹಕಾರ ಎಂದರೆ ಇದೇ ಅಲ್ಲವೇ? 1905ರಲ್ಲಿ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದಾಗ, ಒಬ್ಬನ ಕೈಲಾಗದ್ದು ಊರಿನ ಕೈಲಾಗುತ್ತದೆ ಎಂಬ ನಂಬಿಕೆಯೇ ಬಂಡವಾಳ. ನಮ್ಮ ಸಂಘದ ಆಡಳಿತ ಮಂಡಳಿಯವರಲ್ಲಿ ಒಂದು ವಿನಂತಿ. ಮಾರಾಟ ವಿಭಾಗದಲ್ಲಿ ಒಳ್ಳೆಯ ಬೇವಿನ ಎಣ್ಣೆಯನ್ನು ಸಣ್ಣ ಸೀಸೆಗಳಲ್ಲಿ ಇಡಿ. ಅದರ ಪಕ್ಕದಲ್ಲೇ, ಕಾಡಿಗೆ ಹೋಗುವವರು ಆರೋಗ್ಯ ಕೇಂದ್ರದ ಎಣ್ಣೆಯನ್ನೇ ಬಳಸಬೇಕು ಎಂದು ದಪ್ಪ ಅಕ್ಷರದಲ್ಲಿ ಒಂದು ಫಲಕ ಹಾಕಿ. ಸರತಿಯಲ್ಲಿ ನಿಂತು ಎಣ್ಣೆ ಕೊಳ್ಳುವ ಹೆಣ್ಣುಮಕ್ಕಳೆಲ್ಲ ಅದನ್ನು ಓದಲಿ. ಓದು ಬಾರದವರಿಗೆ ಗುಮಾಸ್ತರು ಓದಿ ಹೇಳಲಿ. ಆ ಅಕ್ಕನಿಗೆ ಅಂದು ಯಾರೂ ಹೇಳಿರಲಿಲ್ಲ.

ಅಜ್ಜಿಯ ಬಾಣಲೆ ಈಗಲೂ ನಮ್ಮ ಅಟ್ಟದಲ್ಲಿದೆ. ಈ ಸಲ ಮಳೆಗೆ ಮೊದಲು ಮೊಮ್ಮಗಳು ಅದನ್ನು ಕೆಳಗಿಳಿಸಿ ತಿಕ್ಕಿ ತೊಳೆದಿದ್ದಾಳೆ. ಲಕ್ಕಿ ಸೊಪ್ಪು ನಾನು ತಂದುಕೊಟ್ಟೆ. ಎಣ್ಣೆ ಸೀಸೆಗೆ ಅವಳು ಅಂಟಿಸಿದ ಚೀಟಿಯಲ್ಲಿ "ತೋಟಕ್ಕೆ ಮಾತ್ರ, ಕಾಡಿಗಲ್ಲ" ಎಂದು ಬರೆದಿದೆ.



ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕ ಹಾಗೂ ಸಂಘದ ಸದಸ್ಯ